ಗ್ಯಾರೇಜಿನಲ್ಲಿ ಐಸ್ ಹಾಕಿ ಪಾಸ್ ಅಭ್ಯಾಸ: ರಿಬೌಂಡರ್ ಕೊಂಡರೆ ಪ್ರಯೋಜನವಿದೆಯೇ?

ಮಿಸ್ಸಿಸಾಗಾದ ಅಪ್ಪ | ಅಕ್ಟೋಬರ್ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗನಿಗೆ ಹತ್ತು ವರ್ಷ. ಹೌಸ್ ಲೀಗ್‌ನಲ್ಲಿ, ಅಂದರೆ ಸ್ಥಳೀಯ ಮಕ್ಕಳ ಐಸ್ ಹಾಕಿ ಪಂದ್ಯಾವಳಿಯಲ್ಲಿ, ಇದು ಅವನ ಮೂರನೆಯ ಸೀಸನ್. ಸ್ಕೇಟಿಂಗ್ ಚೆನ್ನಾಗಿದೆ, ಗೋಲಿನತ್ತ ಹೊಡೆತವೂ ಬಲವಾಗಿದೆ. ಪಾಸ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ನಾಲ್ಕು ಮಾರು ದೂರದಲ್ಲಿ ನಿಂತ ಗೆಳೆಯನಿಗೂ ಪಕ್ ಅನ್ನು (ಚೆಂಡಿನ ಬದಲು ಬಳಸುವ ರಬ್ಬರಿನ ಚಪ್ಪಟೆ ಬಿಲ್ಲೆ) ಬಡಿದೇ ಕಳುಹಿಸುತ್ತಾನೆ. ಅದು ಆ ಹುಡುಗನ ಸ್ಟಿಕ್ಕಿಗೆ ತಗುಲಿ ಚಿಮ್ಮಿ ಎದುರಾಳಿಯ ಪಾಲಾಗುತ್ತದೆ. ತನ್ನ ಕಡೆಗೆ ಬಂದ ಪಕ್ ಕೂಡ ಅರ್ಧಕ್ಕರ್ಧ ಅವನ ಬಳಿ ನಿಲ್ಲುವುದಿಲ್ಲ.

ಕಳೆದ ಶನಿವಾರ ಆಟ ಮುಗಿಸಿ ಕಾರಿನಲ್ಲಿ ಕೂತಾಗ, "ಅಪ್ಪಾ, ನನಗೆ ಯಾರೂ ಪಾಸ್ ಕೊಡುವುದೇ ಇಲ್ಲ" ಎಂದ. ಮನೆ ತಲುಪುವವರೆಗೂ ಮತ್ತೆ ಮಾತಾಡಲಿಲ್ಲ. ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ನಾನು ದಾವಣಗೆರೆಯಲ್ಲಿ ಬೆಳೆದವನು, ಆಡಿದ್ದೆಲ್ಲ ಕ್ರಿಕೆಟ್. ಈ ಆಟದಲ್ಲಿ ಅವನಿಗೆ ಹೇಳಿಕೊಡುವಷ್ಟು ನನಗೆ ತಿಳಿಯದು. ಖಾಸಗಿಯಾಗಿ ರಿಂಕ್ (ಮಂಜುಗಡ್ಡೆಯ ಅಂಗಳ) ಬಾಡಿಗೆಗೆ ಹಿಡಿಯೋಣವೆಂದರೆ ಗಂಟೆಗೆ ನೂರಾರು ಡಾಲರ್. ಆದ್ದರಿಂದ ಮನೆಯಲ್ಲೇ ಏನಾದರೂ ವ್ಯವಸ್ಥೆ ಮಾಡೋಣ ಎಂದುಕೊಂಡಿದ್ದೇನೆ. ಗ್ಯಾರೇಜ್ ಸುಮಾರು ಇಪ್ಪತ್ತು ಅಡಿ ಉದ್ದವಿದೆ, ಕಾಂಕ್ರೀಟ್ ನೆಲ. ಅಂಗಡಿಯಲ್ಲಿ ನೋಡಿದ್ದು: ಎಲಾಸ್ಟಿಕ್ ಪಟ್ಟಿಯ ಸಣ್ಣ ರಿಬೌಂಡರ್ (ಕೊಟ್ಟ ಪಕ್ ಅನ್ನು ಮರಳಿ ಕಳುಹಿಸುವ ಸಾಧನ), ಮೂರು ಬದಿಯ ದೊಡ್ಡದೊಂದು, ತಾನೇ ಪಕ್ ಎಸೆಯುವ ವಿದ್ಯುತ್ ಯಂತ್ರ, ಕೃತಕ ಮಂಜುಗಡ್ಡೆಯ ಹಲಗೆಗಳು, ಭಾರದ ಪಕ್‌ಗಳು. ಯಾವುದರಿಂದ ಶುರು ಮಾಡಲಿ? ಅನುಭವವಿರುವವರು ದಯವಿಟ್ಟು ತಿಳಿಸಿ.

ಒಟ್ಟಾವಾ ಅಮ್ಮ | ಅಕ್ಟೋಬರ್ 6, ರಾತ್ರಿ 10:25

ಎರಡು ವರ್ಷದ ಹಿಂದೆ ನಾವು ಮೂರು ಬದಿಯ ರಿಬೌಂಡರ್ ಕೊಂಡೆವು. ಮಗಳು ಚಳಿಗಾಲವಿಡೀ ಬೇಸ್‌ಮೆಂಟ್‌ನಲ್ಲಿ ಅಭ್ಯಾಸ ಮಾಡಿದಳು. ಒಂದೇ ಸಮನೆ ಐವತ್ತು ಪಾಸ್ ಕೊಟ್ಟು ತೆಗೆದುಕೊಳ್ಳುವಷ್ಟು ಕೈ ಪಳಗಿತು. ಆದರೆ ರಿಂಕ್‌ನಲ್ಲಿ ಅದರ ಅರ್ಧದಷ್ಟೂ ಕಾಣಲಿಲ್ಲ. ಬಹಳ ದಿನ ನೋಡಿದ ಮೇಲೆ ಕಾರಣ ಹೊಳೆಯಿತು. ರಿಬೌಂಡರ್ ಪಕ್ ಅನ್ನು ಪ್ರತಿ ಸಲವೂ ಅದೇ ಜಾಗಕ್ಕೆ ಮರಳಿಸುತ್ತದೆ. ಅವಳು ತಲೆ ಬಗ್ಗಿಸಿ, ಕಾಲು ಕದಲಿಸದೆ ಅಲ್ಲೇ ಕಾಯುವುದನ್ನು ಕಲಿತಿದ್ದಳು. ಉಪಕರಣ ಕೆಟ್ಟದ್ದಲ್ಲ, ಅದನ್ನು ಬಳಸುವ ಕ್ರಮ ನಮಗೆ ತಿಳಿದಿರಲಿಲ್ಲ. ಕೊಳ್ಳುವ ಮೊದಲು ಕ್ರಮವನ್ನು ತಿಳಿದುಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಗ್ಯಾರೇಜಿನ ಬಾಗಿಲಿಗೆ ಎದುರಾಗಿ ಮಾತ್ರ ಇಡಬೇಡಿ. ನಮ್ಮ ಬಾಗಿಲಿನ ತಗಡು ಒಂದೇ ವಾರದಲ್ಲಿ ನಾಲ್ಕು ಕಡೆ ನೆಗ್ಗಿತು.

ಕ್ಯಾಲ್ಗರಿ ಕೋಚ್ | ಅಕ್ಟೋಬರ್ 7, ಬೆಳಿಗ್ಗೆ 6:50

ಹನ್ನೆರಡು ವರ್ಷಗಳಿಂದ ಇಲ್ಲಿನ ಮಕ್ಕಳ ತಂಡಗಳಿಗೆ ಸ್ವಯಂಸೇವಕನಾಗಿ ತರಬೇತಿ ಕೊಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ "ಯಾರೂ ಪಾಸ್ ಕೊಡುವುದಿಲ್ಲ" ಎಂಬ ಮಾತನ್ನು ಪ್ರತಿ ವರ್ಷವೂ ಯಾವುದಾದರೂ ಒಂದು ಮಗುವಿನ ಬಾಯಿಂದ ಕೇಳುತ್ತೇನೆ. ಮಕ್ಕಳಿಗೆ ದ್ವೇಷವಿರುವುದಿಲ್ಲ. ಕೊಟ್ಟದ್ದು ಯಾರ ಬಳಿ ನಿಲ್ಲುತ್ತದೋ ಅವನಿಗೆ ಮತ್ತೆ ಕೊಡುತ್ತಾರೆ. ಹಾಗಾಗಿ ನಿಮ್ಮ ಮಗ ಮೊದಲು ಕಲಿಯಬೇಕಾದದ್ದು ಪಾಸ್ ಹಿಡಿಯುವುದನ್ನು, ಕೊಡುವುದು ಆಮೇಲೆ.

ನೀವು ಕ್ರಿಕೆಟ್ ಆಡಿದವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಬರಿಗೈಯಲ್ಲಿ ಗಟ್ಟಿ ಚೆಂಡಿನ ಕ್ಯಾಚ್ ಹಿಡಿಯುವಾಗ ಅಂಗೈಯನ್ನು ಚೆಂಡಿನ ಜೊತೆಗೇ ಹಿಂದಕ್ಕೆ ತರುತ್ತೀರಲ್ಲವೇ? ಕೈ ಬಿಗಿಹಿಡಿದು ಎದುರು ಚಾಚಿದರೆ ಚೆಂಡು ಸಿಡಿಯುತ್ತದೆ. ಸ್ಟಿಕ್ಕಿನ ಬ್ಲೇಡ್, ಅಂದರೆ ಕೆಳತುದಿಯ ಚಪ್ಪಟೆ ಭಾಗ, ಮಾಡಬೇಕಾದದ್ದೂ ಅದನ್ನೇ. ಬ್ಲೇಡ್ ಪಕ್ ಬರುವ ದಾರಿಗೆ ನೇರ ಎದುರಾಗಿರಬೇಕು, ಮೇಲಂಚು ಪಕ್‌ನ ಮೇಲೆ ಕೊಡೆಯಂತೆ ತುಸು ಬಾಗಿರಬೇಕು, ಕೆಳಗಿನ ಕೈ ಸಡಿಲವಾಗಿರಬೇಕು, ಪಕ್ ತಾಗುವ ಹೊತ್ತಿಗೆ ಬ್ಲೇಡ್ ಹಿಂದಕ್ಕೆ ಸರಿಯುತ್ತಿರಬೇಕು. ಇನ್ನೊಂದು ವಿಷಯ: ಮೇಲಿನ ಕೈ ಹೊಟ್ಟೆಗೆ ಅಂಟಿಕೊಂಡಿದ್ದರೆ ಸ್ಟಿಕ್ ತಿರುಗಲು ಜಾಗವೇ ಇರುವುದಿಲ್ಲ. ಮೊಣಕೈ ದೇಹದಿಂದ ಹೊರಗೆ, ಮುಂದೆ ಇರಲಿ. ಹತ್ತರಲ್ಲಿ ಏಳು ಮಕ್ಕಳ ತಪ್ಪು ಇಲ್ಲೇ ಇರುತ್ತದೆ.

ಇನ್ನು ಕೊಡುವುದು. ಪಾಸ್ ಎಂದರೆ ಪಕ್ ಅನ್ನು ಗುಡಿಸಿದಂತೆ ತಳ್ಳುವುದು. ಪಕ್ ಬ್ಲೇಡಿನ ಹಿಮ್ಮಡಿಯ (ದಂಡಕ್ಕೆ ಸೇರುವ ಬುಡದ) ಬಳಿ, ಹಿಂದಿನ ಕಾಲಿನ ಪಕ್ಕದಲ್ಲಿ ಇರಬೇಕು. ಮೈಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಸರಿಯುವಾಗ ಪಕ್ ಬ್ಲೇಡಿನುದ್ದಕ್ಕೂ ಉರುಳಿ ತುದಿಯ ಕಡೆ ಬಿಡುಗಡೆಯಾಗಬೇಕು. ಹಾಗೆ ಉರುಳಿದಾಗ ಅದಕ್ಕೆ ಬುಗುರಿಯಂತೆ ತಿರುಗಣೆ ಸಿಗುತ್ತದೆ, ಆ ತಿರುಗಣೆಯೇ ಅದನ್ನು ನೆಲಕ್ಕೆ ಮಟ್ಟಸವಾಗಿ ಇರಿಸುತ್ತದೆ. ಪಾಸ್ ಮುಗಿದ ಮೇಲೆ ಬ್ಲೇಡ್ ನೆಲದಿಂದ ಹೆಚ್ಚು ಏಳದೆ ಗುರಿಯತ್ತ ಮುಖ ಮಾಡಿ ನಿಲ್ಲಬೇಕು.

ಪರೀಕ್ಷಿಸಲು ಕಣ್ಣಿಗಿಂತ ಕಿವಿ ಒಳ್ಳೆಯದು. ಮಗನಿಗೆ ಬೆನ್ನು ಹಾಕಿ ನಿಂತು ಕೇಳಿ. "ಚಟ್" ಎಂದು ಕೇಳಿದರೆ ಬ್ಲೇಡಿಗೂ ಪಕ್‌ಗೂ ನಡುವೆ ಅಂತರವಿತ್ತು, ಅವನು ಬಡಿದ ಎಂದರ್ಥ. "ಸರ್" ಎಂದು ಎಳೆದಂತೆ ಕೇಳಿದರೆ ಅದು ಸರಿಯಾದ ಪಾಸ್. ಹಿಡಿಯುವಾಗಲೂ ಅಷ್ಟೇ, ಸದ್ದು ಕಡಿಮೆಯಾದಷ್ಟೂ ಕೈ ಮೆತ್ತಗಾಗಿದೆ ಎಂದು ತಿಳಿಯಿರಿ.

ಈಗ ಉಪಕರಣಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ನೆಲ. ಒರಟು ಕಾಂಕ್ರೀಟಿನ ಮೇಲೆ ಪಕ್ ಜಾರುವುದಿಲ್ಲ, ತಡವರಿಸಿ ಅಂಚಿನ ಮೇಲೆ ಎದ್ದು ಉರುಳುತ್ತದೆ. ಅಂಥ ನೆಲದಲ್ಲಿ ಹುಡುಗ ಬಡಿಯದೆ ಬೇರೆ ದಾರಿಯಿಲ್ಲ, ಅದೇ ಅಭ್ಯಾಸವಾಗಿ ಕೂರುತ್ತದೆ. ನಾಲ್ಕಡಿ ಅಗಲ, ಎಂಟಡಿ ಉದ್ದದ ನುಣುಪಾದ ಪ್ಲಾಸ್ಟಿಕ್ ಹಾಳೆ, ಶೂಟಿಂಗ್ ಪ್ಯಾಡ್ ಎನ್ನುತ್ತಾರೆ, ಅದಕ್ಕೆ ಮೊದಲ ಹಣ ಹಾಕಿ. ಎರಡನೆಯದು ಒಂದೇ ಬದಿಯ ಎಲಾಸ್ಟಿಕ್ ರಿಬೌಂಡರ್. ಇಷ್ಟು ಸಾಕು. ವಿದ್ಯುತ್ ಯಂತ್ರ ಈ ವಯಸ್ಸಿಗೆ ಬೇಡ. ಕೃತಕ ಮಂಜುಗಡ್ಡೆಯ ಹಲಗೆಗಳ ಮೇಲೆ ಸ್ಕೇಟ್ ಹಾಕಿಕೊಂಡೇ ಅಭ್ಯಾಸ ಮಾಡಬಹುದು, ಆದರೆ ದುಬಾರಿ, ಸ್ಕೇಟಿನ ಅಲಗು ಬೇಗ ಮೊಂಡಾಗುತ್ತದೆ.

ಭಾರದ ಪಕ್ ಬಗ್ಗೆ ಕೇಳಿದಿರಿ. ಆಟದ ಕಪ್ಪು ಪಕ್ 156ರಿಂದ 170 ಗ್ರಾಂ ಇರುತ್ತದೆ. ಚಿಕ್ಕ ಮಕ್ಕಳ ನೀಲಿ ಪಕ್ ಸುಮಾರು 113 ಗ್ರಾಂ, ಕಿತ್ತಳೆ ಬಣ್ಣದ ಭಾರದ್ದು ಸುಮಾರು 283 ಗ್ರಾಂ. ಭಾರದ್ದು ಮಣಿಕಟ್ಟಿನ ಬಲಕ್ಕೆ ಒಳ್ಳೆಯದು, ಪಾಸ್ ಅಭ್ಯಾಸಕ್ಕಲ್ಲ. ಎಷ್ಟು ಬಲ ಹಾಕಬೇಕೆಂಬ ಅಂದಾಜನ್ನೇ ಅದು ಕೆಡಿಸುತ್ತದೆ. ನಿಮ್ಮ ಮಗ ಆಡುವ ಪಕ್‌ನಲ್ಲೇ ಅಭ್ಯಾಸ ಮಾಡಲಿ.

ಮೊದಲ ವಾರ ರಿಬೌಂಡರ್ ಬೇಡ. ನೀವು ನೆಲದ ಮೇಲೆ ಕೂತು ಕೈಯಿಂದಲೇ ಪಕ್ ಅನ್ನು ಜಾರಿಸಿ, ಅವನು ಹಿಡಿಯಲಿ. ಬಲಕ್ಕೆ, ಎಡಕ್ಕೆ, ಕಾಲಿನ ನಡುವೆ, ಬೇಕೆಂದೇ ಕೆಟ್ಟದಾಗಿ ಕೊಡಿ. ದಿನಕ್ಕೆ ಹದಿನೈದು ನಿಮಿಷ. ಅದಕ್ಕಿಂತ ಹೆಚ್ಚಾದರೆ ಕೈ ದಣಿದು ಮತ್ತೆ ಬಡಿತ ಶುರುವಾಗುತ್ತದೆ.

ಪೊನ್ನಂಪೇಟೆಯಿಂದ ಎಡ್ಮಂಟನ್ | ಅಕ್ಟೋಬರ್ 7, ಮಧ್ಯಾಹ್ನ 12:15

ಕೋಚ್ ಅವರ ಮಾತು ಓದಿ ನನ್ನ ಬಾಲ್ಯ ಕಣ್ಣ ಮುಂದೆ ಬಂತು. ನಾನು ಕೊಡಗಿನವನು, ಹುಲ್ಲಿನ ಮೈದಾನದಲ್ಲಿ ಹಾಕಿ ಆಡಿ ಬೆಳೆದವನು. 1997ರಲ್ಲಿ ಕರಡದಲ್ಲಿ ಮೊದಲ ಕೊಡವ ಕೌಟುಂಬಿಕ ಹಾಕಿ ಉತ್ಸವ ನಡೆದಾಗ ನಾನಿನ್ನೂ ಹೈಸ್ಕೂಲ್ ಹುಡುಗ.

ಒಂದು ಸೋಜಿಗ ಹೇಳುತ್ತೇನೆ. ಮೈದಾನದ ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಕೋಚ್ ಹೇಳಿದ ಪಕ್‌ನ ತೂಕದೊಂದಿಗೆ ಹೋಲಿಸಿ ನೋಡಿ, ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಲ್ಲಿಗೆ ಬಂದು ಮೊದಲ ಸಲ ಪಕ್ ತಳ್ಳಿದಾಗ ಆ ಭಾರ ನನ್ನ ಕೈಗೆ ಗುರುತಿತ್ತು. ಗುರುತಿಲ್ಲದ್ದು ಎರಡು ಸಂಗತಿ. ಅಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕು, ಇಲ್ಲಿ ಎರಡೂ ಬದಿ ನಿಮ್ಮವು. ಅಲ್ಲಿ ಹುಲ್ಲು ಚೆಂಡಿನ ವೇಗವನ್ನು ತಿನ್ನುತ್ತದೆ, ಇಲ್ಲಿ ಮಂಜುಗಡ್ಡೆ ಏನನ್ನೂ ತಿನ್ನುವುದಿಲ್ಲ.

ನಮ್ಮ ಶಾಲೆಯಲ್ಲಿ ರಿಬೌಂಡರ್ ಎಂಬ ಹೆಸರೇ ಇರಲಿಲ್ಲ, ಶೌಚಾಲಯದ ಹಿಂದಿನ ಕಲ್ಲುಗೋಡೆ ಇತ್ತು. ಸುಣ್ಣದಲ್ಲಿ ಮೂರು ಗುರುತು ಹಾಕಿ, ಮಾಸ್ತರರು ಯಾವ ಗುರುತನ್ನು ಕೂಗುತ್ತಾರೋ ಅದಕ್ಕೆ ತಳ್ಳಬೇಕಿತ್ತು. ಕೂಗು ಕೇಳುವವರೆಗೂ ಗುರಿ ಯಾವುದೆಂದು ಗೊತ್ತಿರುತ್ತಿರಲಿಲ್ಲ. ಗೋಡೆಯಿಂದ ಚೆಂಡು ಎಲ್ಲಿಗೆ ಬರುತ್ತದೆಂದೂ ಹೇಳುವಂತಿರಲಿಲ್ಲ, ಕಲ್ಲು ಅಷ್ಟು ಅಂಕುಡೊಂಕು. ನಿಮ್ಮ ರಿಬೌಂಡರ್ ಎಷ್ಟೇ ನಯವಾಗಿರಲಿ, ಪಕ್ಕದಲ್ಲಿ ನಿಂತು ಕೂಗುವ ಒಬ್ಬರು ಬೇಕು.

ಬಾಸ್ಟನ್ ಕನ್ನಡಿಗ | ಅಕ್ಟೋಬರ್ 7, ಸಂಜೆ 7:30

ಎಲ್ಲರ ಅನುಭವಕ್ಕೂ ಗೌರವವಿದೆ. ಆದರೂ ನನ್ನ ಅಭಿಪ್ರಾಯ ಬೇರೆ: ಏನನ್ನೂ ಕೊಳ್ಳಬೇಡಿ.

ರಿಬೌಂಡರ್ ಓಡುವುದಿಲ್ಲ, ಕೂಗುವುದಿಲ್ಲ, ಅದಕ್ಕೆ ಅಡ್ಡ ಬರುವ ಎದುರಾಳಿಯೂ ಇಲ್ಲ. ಪಾಸ್‌ನ ನಿಜವಾದ ಕಷ್ಟ ಇರುವುದು ಯಾರಿಗೆ, ಯಾವಾಗ ಎಂಬ ತೀರ್ಮಾನದಲ್ಲಿ. ಅದನ್ನು ಗ್ಯಾರೇಜಿನಲ್ಲಿ ಒಬ್ಬಂಟಿಯಾಗಿ ಕಲಿಯಲು ಸಾಧ್ಯವಿಲ್ಲ. ಕೆನಡಾದಲ್ಲಿ ಚಿಕ್ಕ ಮಕ್ಕಳಿಗೆ ಇಡೀ ರಿಂಕ್ ಬಿಟ್ಟು ಅರ್ಧ ರಿಂಕ್‌ನಲ್ಲಿ ಆಡಿಸುತ್ತಿರುವುದು ಏಕೆ? ಜಾಗ ಕಿರಿದಾದರೆ ಪ್ರತಿ ಮಗುವಿಗೂ ಪಕ್ ಮತ್ತೆ ಮತ್ತೆ ಸಿಗುತ್ತದೆ, ತಲೆ ಎತ್ತಲೇಬೇಕಾಗುತ್ತದೆ. ಬೀದಿಯ ನಾಲ್ಕು ಮಕ್ಕಳನ್ನು ಕರೆದು ಡ್ರೈವ್‌ವೇಯಲ್ಲಿ ಚೆಂಡಿನಲ್ಲಿ ಆಡಿಸಿ, ಎರಡು ತಿಂಗಳಲ್ಲಿ ಬದಲಾವಣೆ ಕಾಣುತ್ತದೆ.

ನಿಮ್ಮ ಮನೆಯಿಂದ ಬ್ರಾಂಟ್‌ಫೋರ್ಡ್ ಎಷ್ಟು ದೂರ? ಒಂದು ಗಂಟೆಯ ಹಾದಿ ಇರಬಹುದು. ವೇಯ್ನ್ ಗ್ರೆಟ್ಸ್ಕಿ ಬೆಳೆದ ಊರು ಅದು. ತಂದೆ ವಾಲ್ಟರ್ ಮನೆಯ ಹಿತ್ತಲಿಗೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ರಿಂಕ್ ಮಾಡಿಕೊಟ್ಟಿದ್ದರು. ಮುಂದೆ ಆ ಹುಡುಗ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 894 ಗೋಲು ಹೊಡೆದ. ಅದಕ್ಕಿಂತ ಹೆಚ್ಚಿನದು 1963 ಅಸಿಸ್ಟ್, ಅಂದರೆ ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳು. ಈ ಆಟದಲ್ಲಿ ಗೋಲಿಗೂ ಅಸಿಸ್ಟಿಗೂ ಒಂದೊಂದೇ ಪಾಯಿಂಟ್. ಅವನ ಗೋಲುಗಳನ್ನೆಲ್ಲ ಅಳಿಸಿ ಹಾಕಿದರೂ, ಬರೀ ಅಸಿಸ್ಟ್‌ಗಳ ಲೆಕ್ಕದಲ್ಲೇ ಬೇರೆ ಯಾವ ಆಟಗಾರನ ಒಟ್ಟು ಪಾಯಿಂಟ್‌ಗಿಂತಲೂ ಅವನು ಮುಂದಿರುತ್ತಾನೆ. ಹಿತ್ತಲ ರಿಂಕ್ ಸಾಕು ಎನ್ನುವುದು ನನ್ನ ವಾದ.

ಕ್ಯಾಲ್ಗರಿ ಕೋಚ್ | ಅಕ್ಟೋಬರ್ 7, ರಾತ್ರಿ 9:05

ಬಾಸ್ಟನ್ ಅವರೇ, ತೀರ್ಮಾನದ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಅಭ್ಯಾಸಗಳಲ್ಲೂ ಅರ್ಧ ಹೊತ್ತು ಸಣ್ಣ ಜಾಗದ ಆಟವೇ. ಆದರೆ ಕೈ ಪಳಗದ ಮಗು ಆ ಆಟದಲ್ಲೂ ಹಿಂದೆ ಬೀಳುತ್ತದೆ. ಬಂದ ಪಕ್ ನಿಂತರಲ್ಲವೇ ಮುಂದೆ ಯಾರಿಗೆ ಕೊಡಬೇಕೆಂಬ ಪ್ರಶ್ನೆ ಹುಟ್ಟುವುದು?

ನೆಲದ ಮೇಲಿನ ಅಭ್ಯಾಸಕ್ಕೆ ದೊಡ್ಡ ಇತಿಹಾಸವೂ ಇದೆ. ಸೋವಿಯತ್ ಒಕ್ಕೂಟದಲ್ಲಿ ಈ ಆಟದ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾದದ್ದೇ 1946ರ ಡಿಸೆಂಬರಿನಲ್ಲಿ. ಒಳಾಂಗಣ ರಿಂಕ್‌ಗಳ ಕೊರತೆಯಿಂದಾಗಿ ಕೋಚ್ ಅನಾತೊಲಿ ತರಾಸೊವ್ ಆಟಗಾರರನ್ನು ತಿಂಗಳುಗಟ್ಟಲೆ ನೆಲದ ಮೇಲೆಯೇ ಪಳಗಿಸಿದರು. 1954ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೋವಿಯತ್ ತಂಡ ಕೆನಡಾವನ್ನು 7–2ರಿಂದ ಸೋಲಿಸಿತು. ಮುಂದಿನ ದಶಕಗಳಲ್ಲಿ ಜಗತ್ತು ಆ ತಂಡದಿಂದ ಕಲಿತದ್ದು ಅದರ ಪಾಸ್‌ಗಳನ್ನೇ.

ನಾವು ಮಾತಾಡುತ್ತಿರುವುದು ಹೌಸ್ ಲೀಗ್ ಹುಡುಗನ ಬಗ್ಗೆ ಎಂಬುದು ನೆನಪಿದೆ. ಆದರೆ ವಾರಕ್ಕೆ ಎರಡೇ ಗಂಟೆ ಮಂಜುಗಡ್ಡೆ ಸಿಗುವ ಮಗುವಿಗೆ ಗ್ಯಾರೇಜಿನ ಹದಿನೈದು ನಿಮಿಷ ಸಣ್ಣದಲ್ಲ.

ವಾಟರ್‌ಲೂ ಮರಗೆಲಸ | ಅಕ್ಟೋಬರ್ 8, ಬೆಳಿಗ್ಗೆ 10:10

ರಿಬೌಂಡರ್ ಅನ್ನು ನಾನು ಮನೆಯಲ್ಲೇ ಮಾಡಿದ್ದೇನೆ, ಮೂರು ವರ್ಷದಿಂದ ನಡೆಯುತ್ತಿದೆ. ಬೇಕಾದವರು ಮಾಡಿಕೊಳ್ಳಿ.

ಐದಡಿ ಉದ್ದದ ಟೂ ಬೈ ಫೋರ್ (ಹೆಸರಿಗೆ ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲದ) ಮರ ಒಂದು. ಅದರ ಎರಡೂ ತುದಿಯಲ್ಲಿ ಮುಂದಕ್ಕೆ ಚಾಚಿಕೊಳ್ಳುವಂತೆ ಒಂದೊಂದು ಗಿಡ್ಡ ತುಂಡು ಜೋಡಿಸಿ. ಆ ಎರಡು ತುಂಡುಗಳ ನಡುವೆ ಬೆರಳು ಗಾತ್ರದ, ಎಳೆದರೆ ಹಿಗ್ಗುವ ಬಂಜೀ ಹಗ್ಗವನ್ನು ಕಟ್ಟಿ. ಹಗ್ಗಕ್ಕೂ ಹಿಂದಿನ ಮರಕ್ಕೂ ನಡುವೆ ನಾಲ್ಕು ಬೆರಳು ಜಾಗ ಇರಲೇಬೇಕು, ಇಲ್ಲದಿದ್ದರೆ ಪಕ್ ಮರಕ್ಕೆ ಬಡಿಯುತ್ತದೆ. ಇಡೀ ಚೌಕಟ್ಟು ಹಿಂದೆ ಸರಿಯದಂತೆ ಮೇಲೆ ಮರಳಿನ ಚೀಲ ಹೇರಿ.

ನಾನು ಎರಡು ವಾರ ಒದ್ದಾಡಿದ್ದು ಹಗ್ಗದ ಎತ್ತರದ ವಿಷಯದಲ್ಲಿ. ಪಕ್ ದಪ್ಪ ಒಂದು ಇಂಚು. ಹಗ್ಗದ ನಡುಭಾಗ ನೆಲದಿಂದ ಸರಿಯಾಗಿ ಅರ್ಧ ಇಂಚು ಮೇಲಿರಬೇಕು. ತುಸು ಹೆಚ್ಚಾದರೆ ಪಕ್ ಹಗ್ಗದ ಕೆಳಗೆ ನುಸುಳಿ ಸಿಕ್ಕಿಕೊಳ್ಳುತ್ತದೆ. ತುಸು ಕಡಿಮೆಯಾದರೆ ಮಗುಚಿ ಹಾರುತ್ತದೆ. ನೀವು ಪ್ಲಾಸ್ಟಿಕ್ ಹಾಳೆ ಹಾಸಿದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿ. ನಾನು ಮರೆತಿದ್ದು ಅದನ್ನೇ.

ಹಗ್ಗವನ್ನು ವೀಣೆಯ ತಂತಿಯಂತೆ ಬಿಗಿಯಬೇಡಿ. ಬಿಗಿ ಹೆಚ್ಚಾದರೆ ಪಕ್ ಕೊಟ್ಟ ಕ್ಷಣವೇ ಕಾಲಿಗೆ ಬಂದಿರುತ್ತದೆ, ಹುಡುಗ ಹೆದರುತ್ತಾನೆ. ಸಡಿಲವಿದ್ದರೆ ಹಗ್ಗ ಪಕ್ ಅನ್ನು ಅಪ್ಪಿ ನಿಧಾನವಾಗಿ ಬಿಡುತ್ತದೆ. ಬಡಿದದ್ದು ಕುಣಿಯುತ್ತಾ ಮರಳುತ್ತದೆ, ತಳ್ಳಿದ್ದು ಮಟ್ಟಸವಾಗಿ ಮರಳುತ್ತದೆ. ಕೊಟ್ಟ ತಪ್ಪು ಅದೇ ಉಸಿರಿನಲ್ಲಿ ತನ್ನ ಕಾಲ ಬಳಿಗೇ ಬರುವುದರಿಂದ ಮಕ್ಕಳಿಗೆ ಬೇರೆಯವರು ಹೇಳಬೇಕಾಗಿಲ್ಲ.

ಇನ್ನೊಂದು ಕಿವಿಮಾತು. ವೃತ್ತಿಪರ ಪಂದ್ಯಗಳಲ್ಲಿ ಪಕ್ ಅನ್ನು ಹೆಪ್ಪುಗಟ್ಟಿಸಿಯೇ ಬಳಸುತ್ತಾರೆ, ಬೆಚ್ಚಗಿನ ರಬ್ಬರ್ ಪುಟಿಯುತ್ತದೆ. ಅಭ್ಯಾಸಕ್ಕೆ ಮೊದಲು ಎರಡು ಪಕ್‌ಗಳನ್ನು ಫ್ರೀಜರಿನಲ್ಲಿಡಿ. ನಮ್ಮ ಮನೆಯಲ್ಲಿ ಅವು ತೆಂಗಿನತುರಿಯ ಡಬ್ಬಿಯ ಪಕ್ಕದಲ್ಲಿರುತ್ತವೆ.

ಎಡಬದಿಯ ಆಟಗಾರ್ತಿ | ಅಕ್ಟೋಬರ್ 8, ರಾತ್ರಿ 11:20

ನಾನು ಇಲ್ಲಿ ಬರೆಯುವುದು ಕಡಿಮೆ. ಆರನೆಯ ವಯಸ್ಸಿನಿಂದ ಆಡುತ್ತಿದ್ದೇನೆ, ಈಗ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಹುಡುಗಿಯರ ತಂಡದಲ್ಲಿ ಎಡಬದಿಯಲ್ಲಿದ್ದೇನೆ. ಒಟ್ಟಾವಾ ಅಮ್ಮ ಹೇಳಿದ ತಲೆ ಬಗ್ಗಿಸುವ ಸಮಸ್ಯೆ ನನಗೂ ಇತ್ತು. ಅದನ್ನು ಬಿಡಿಸಿದವರು ನಮ್ಮ ಅಪ್ಪ. ಅವರಿಗೂ ಸ್ಕೇಟಿಂಗ್ ಬರುವುದಿಲ್ಲ, ಆದ್ದರಿಂದ ಮಿಸ್ಸಿಸಾಗಾ ಅಂಕಲ್‌ಗೆ ಇದನ್ನು ಹೇಳಬೇಕೆನಿಸಿತು.

ಅಪ್ಪ ರಿಬೌಂಡರ್‌ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಪಾಸ್ ಕೊಟ್ಟು ಪಕ್ ಮರಳಿ ಬರುವಷ್ಟರಲ್ಲಿ ಬೆರಳುಗಳನ್ನು ತೋರಿಸುತ್ತಿದ್ದರು, ಎಷ್ಟೆಂದು ನಾನು ಕನ್ನಡದಲ್ಲಿ ಕೂಗಬೇಕು. "ಮೂರು! ಐದು! ಒಂದು!" ಮೊದಮೊದಲು ಬೆರಳು ನೋಡಿದರೆ ಪಕ್ ತಪ್ಪುತ್ತಿತ್ತು, ಪಕ್ ನೋಡಿದರೆ ಬೆರಳು ತಪ್ಪುತ್ತಿತ್ತು. ಸುಮಾರು ಮೂರು ವಾರದ ಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಎರಡೂ ಕೂಡಿಬಂತು. ಪಕ್ ಬ್ಲೇಡಿಗೆ ತಾಗಿದ್ದು ಕೈಗೆ ತಿಳಿಯತೊಡಗಿತು, ಕಣ್ಣು ಬಿಡುವಾಯಿತು. ಆಮೇಲೆ ಅಪ್ಪ ಕುರ್ಚಿಯನ್ನು ಎಡಕ್ಕೂ ಬಲಕ್ಕೂ ಸರಿಸತೊಡಗಿದರು, ನಾನೂ ಕಾಲು ಸರಿಸಿಕೊಂಡೇ ಪಾಸ್ ಕೊಡಬೇಕಾಯಿತು. ಇವತ್ತಿಗೂ ಆಟದಲ್ಲಿ ಪಕ್ ಬರುವ ಮೊದಲು ಒಮ್ಮೆ ಭುಜದಾಚೆ ನೋಡಿಬಿಡುತ್ತೇನೆ.

ಬ್ಯಾಕ್‌ಹ್ಯಾಂಡ್ ಮರೆಯಬೇಡಿ. ಬ್ಲೇಡಿನ ಉಬ್ಬಿದ ಬದಿಯಿಂದ ಹಿಡಿಯುವುದು ಯಾವ ಮಗುವಿಗೂ ಇಷ್ಟವಿಲ್ಲ. ಆದರೆ ಆಟದಲ್ಲಿ ರಿಂಕ್‌ನ ಸುತ್ತಲಿನ ಗೋಡೆಯ ಪಕ್ಕ ನಿಂತಾಗ ಅರ್ಧದಷ್ಟು ಪಾಸ್‌ಗಳು ಬರುವುದು ಆ ಬದಿಗೇ. ಒಂದಕ್ಕೊಂದು ಸಮನಾಗಿ ಮಾಡಿಸಿ.

ಕೋಚ್ ಅವರಿಗೆ ಒಂದು ಪ್ರಶ್ನೆ: ಸಾಸರ್ ಪಾಸ್‌ಗೆ ರಿಬೌಂಡರ್ ಉಪಯೋಗವೇ? ನನ್ನದು ಇನ್ನೂ ಅಂಚಿನ ಮೇಲೆ ಬೀಳುತ್ತದೆ.

ಕ್ಯಾಲ್ಗರಿ ಕೋಚ್ | ಅಕ್ಟೋಬರ್ 9, ಬೆಳಿಗ್ಗೆ 6:40

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಬೆರಳಿನ ಅಭ್ಯಾಸವನ್ನು ಈ ವಾರವೇ ನನ್ನ ತಂಡಕ್ಕೆ ಹೇಳಿಕೊಡುತ್ತೇನೆ.

ಸಾಸರ್ ಪಾಸ್‌ಗೆ ರಿಬೌಂಡರ್ ಬೇಡ. ಎದುರಾಳಿಯ ಸ್ಟಿಕ್ಕಿನ ಮೇಲಿಂದ ಹಾರಿ ತಟ್ಟೆಯಂತೆ ಮಟ್ಟಸವಾಗಿ ಇಳಿಯುವುದರಲ್ಲೇ ಆ ಪಾಸ್‌ನ ಬೆಲೆ ಇದೆ. ಹಗ್ಗಕ್ಕೆ ಗಾಳಿಯಲ್ಲಿ ತಾಗಿದರೆ ಇಳಿದದ್ದೇ ಕಾಣುವುದಿಲ್ಲ. ಹಾಳೆಯ ಮೇಲೆ ಒಂದು ಹಳೆಯ ಸ್ಟಿಕ್ ಅಡ್ಡ ಇಡಿ, ಆಚೆ ಬದಿ ಚಪ್ಪಟೆಯಾಗಿ ಇಳಿಯುವವರೆಗೆ ಮಾಡಿ. ಅಂಚಿನ ಮೇಲೆ ಬೀಳುತ್ತಿದೆ ಎಂದರೆ ನೀವು ಎತ್ತುತ್ತಿದ್ದೀರಿ, ತಿರುಗಿಸುತ್ತಿಲ್ಲ. ಬ್ಲೇಡಿನ ಹಿಮ್ಮಡಿಯಿಂದ ತುದಿಯವರೆಗೆ ಪೂರ್ತಿ ಉರುಳಲು ಬಿಡಿ, ಮುಖವನ್ನು ತುಸುವೇ ತೆರೆಯಿರಿ. ಎತ್ತರ ಒಂದು ಗೇಣು ಇದ್ದರೆ ಸಾಕು.

ಮಿಸ್ಸಿಸಾಗಾ ಅವರಿಗೆ ಒಂದು ಮುಖ್ಯ ಮಾತು ಬಿಟ್ಟುಹೋಗಿತ್ತು. ಮನೆಯಲ್ಲಿ ಮಗ ಶೂ ಹಾಕಿಕೊಂಡು ನಿಲ್ಲುತ್ತಾನೆ, ರಿಂಕ್‌ನಲ್ಲಿ ಸ್ಕೇಟ್ ಮೇಲೆ. ಸ್ಕೇಟ್ ತೆಗೆದ ತಕ್ಷಣ ಎರಡು ಮೂರು ಇಂಚು ಕುಳ್ಳಗಾಗುತ್ತಾನೆ, ಅದೇ ಸ್ಟಿಕ್ ಅವನಿಗೆ ಉದ್ದವಾಗುತ್ತದೆ. ಬ್ಲೇಡಿನ ತುದಿ ನೆಲ ಬಿಟ್ಟು ಏಳುತ್ತದೆ, ಪಕ್ ಅದರಡಿ ನುಸುಳುತ್ತದೆ, ಹುಡುಗ ತನ್ನ ಕೈ ಸರಿಯಿಲ್ಲ ಎಂದುಕೊಳ್ಳುತ್ತಾನೆ. ಕಳೆದ ವರ್ಷದ ಹಳೆಯ ಸ್ಟಿಕ್ ಇದ್ದರೆ ಗ್ಯಾರೇಜಿಗೆ ಅದನ್ನೇ ಇಡಿ. ಸ್ಕೇಟ್ ಹಾಕಿ ನಿಂತಾಗ ಆಟದ ಸ್ಟಿಕ್ ಗದ್ದದವರೆಗೆ ಬಂದರೆ ಸರಿ.

ಸ್ಟಿಕ್ಕಿನ ಫ್ಲೆಕ್ಸ್ ಸಂಖ್ಯೆಯನ್ನೂ ನೋಡಿ. ದಂಡವನ್ನು ಒಂದು ಇಂಚು ಬಗ್ಗಿಸಲು ಎಷ್ಟು ಪೌಂಡ್ ಬಲ ಬೇಕೆಂಬುದನ್ನು ಅದು ಹೇಳುತ್ತದೆ. ಪೌಂಡ್ ಲೆಕ್ಕದಲ್ಲಿ ಮಗುವಿನ ತೂಕದ ಅರ್ಧದಷ್ಟು ಎನ್ನುವುದು ರೂಢಿಯ ಅಂದಾಜು. ಅಣ್ಣನ ಗಟ್ಟಿ ಸ್ಟಿಕ್ ಕೊಟ್ಟರೆ ಪಕ್ ತಾಗಿದ್ದು ಕೈಗೆ ತಿಳಿಯುವುದೇ ಇಲ್ಲ.

ಜಯನಗರದ ಸ್ಕೇಟರ್ | ಅಕ್ಟೋಬರ್ 11, ಮಧ್ಯಾಹ್ನ 3:00

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಇನ್‌ಲೈನ್ ಸ್ಕೇಟ್‌ನಲ್ಲಿ ಆಡುವವನು. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಲೇಹ್‌ಗೆ ಹೋಗಿ ಆಟ ನೋಡಿದೆ. ಅಲ್ಲಿ ಬಹಳ ಕಾಲ ಸಹಜವಾಗಿ ಹೆಪ್ಪುಗಟ್ಟಿದ ಕೆರೆಗಳ ಮೇಲೆಯೇ ಆಟ ನಡೆದದ್ದು, ವರ್ಷಕ್ಕೆ ಎರಡು ತಿಂಗಳಷ್ಟೇ. ಉಳಿದ ದಿನಗಳಲ್ಲಿ ನೆಲವೇ ಗತಿ. ಅಷ್ಟರಲ್ಲೇ ಬೆಳೆದ ಹುಡುಗಿಯರು ಭಾರತದ ಮಹಿಳಾ ತಂಡದಲ್ಲಿ ಆಡಿ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದರು. ಬೆಳಗಿನ ಆ ಚಳಿಯಲ್ಲಿ ಕೆರೆಯ ಅಂಚಿನಲ್ಲಿ ಇಬ್ಬರು ಮಕ್ಕಳು ಎದುರುಬದುರು ನಿಂತು ಒಂದು ಮಾತೂ ಆಡದೆ ಪಾಸ್ ಮಾಡುತ್ತಿದ್ದುದನ್ನು ಅರ್ಧ ಗಂಟೆ ನೋಡುತ್ತಾ ನಿಂತಿದ್ದೆ.

ನಮ್ಮಲ್ಲಿ ಪ್ಲಾಸ್ಟಿಕ್ ಹಾಳೆಯೂ ಸಿಗುವುದಿಲ್ಲ, ಡಾಂಬರಿನ ಮೇಲೆ ಪಕ್ ಉರುಳುತ್ತದೆ. ಏನು ಮಾಡಲಿ?

ಕ್ಯಾಲ್ಗರಿ ಕೋಚ್ | ಅಕ್ಟೋಬರ್ 11, ಮಧ್ಯಾಹ್ನ 3:45

ಎರಡು ಭಾಗಗಳಾಗಿ ಜೋಡಿಸಿದ, ಒರಟು ನೆಲಕ್ಕೆಂದೇ ಮಾಡಿದ ಪಕ್ ಸಿಗುತ್ತದೆ. ಉಬ್ಬುತಗ್ಗು ತಾಗಿದಾಗ ಎರಡು ಭಾಗ ಒಳಗೊಳಗೇ ಅಲುಗಿ ಆ ಕುಲುಕನ್ನು ನುಂಗುತ್ತವೆ, ಹಾಗಾಗಿ ಅಂಚಿನ ಮೇಲೆ ಏಳುವುದು ಕಡಿಮೆ. ಇಲ್ಲಿಂದ ಬರುವವರ ಕೈಯಲ್ಲಿ ಒಂದೆರಡು ತರಿಸಿಕೊಳ್ಳಿ. ಅದನ್ನು ಗೋಲಿನತ್ತ ಹೊಡೆಯಬೇಡಿ, ಒಡೆಯುತ್ತದೆ. ಅಲ್ಲಿಯವರೆಗೆ ಪಾಲಿಶ್ ಮಾಡಿದ ಗ್ರಾನೈಟ್ ನೆಲ ಎಲ್ಲಿದೆ ನೋಡಿ. ಬೆಂಗಳೂರಿನಲ್ಲಿ ಅದಕ್ಕೆ ಬರವಿಲ್ಲ.

ಮಿಸ್ಸಿಸಾಗಾದ ಅಪ್ಪ | ನವೆಂಬರ್ 24, ರಾತ್ರಿ 8:15

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕೊಂಡದ್ದು ಪ್ಲಾಸ್ಟಿಕ್ ಹಾಳೆ ಮಾತ್ರ. ರಿಬೌಂಡರ್ ಅನ್ನು ವಾಟರ್‌ಲೂ ಅವರ ಅಳತೆಯಂತೆ ಮಗನೂ ನಾನೂ ಸೇರಿ ಒಂದು ಭಾನುವಾರ ಮಾಡಿದೆವು. ಹಗ್ಗದ ಎತ್ತರ ನೋಡಲು ಅವನೇ ನೆಲದ ಮೇಲೆ ಮಲಗಿ, ಪಕ್ ಅನ್ನು ಹಗ್ಗಕ್ಕೆ ಆನಿಸಿ, ಒಂದು ಕಣ್ಣು ಮುಚ್ಚಿ ನೋಡಿದ.

ಮೊದಲ ವಾರ ಕೈಯಿಂದ ಪಕ್ ಜಾರಿಸಿದೆ. ಕ್ಯಾಚಿನ ಹೋಲಿಕೆ ಹೇಳಲು ಹೋದರೆ ಅವನಿಗೆ ಅರ್ಥವಾಗಲಿಲ್ಲ, ಅವನು ಕ್ರಿಕೆಟ್ ಆಡಿದವನಲ್ಲ. ಹಿತ್ತಲಿಗೆ ಹೋಗಿ ಹಳೆಯ ಚೆಂಡಿನಲ್ಲಿ ಇಪ್ಪತ್ತು ಕ್ಯಾಚ್ ಹಿಡಿಸಿದೆ. ಗ್ಯಾರೇಜಿಗೆ ಮರಳಿ ಬಂದು ಎರಡನೆಯದೋ ಮೂರನೆಯದೋ ಪಕ್ ಹಿಡಿದಾಗ ಸದ್ದೇ ಆಗಲಿಲ್ಲ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಸ್ಟಿಕ್ ಹಳೆಯದಕ್ಕೆ ಬದಲಾಯಿಸಿದ್ದು ಇನ್ನೂ ದೊಡ್ಡ ವ್ಯತ್ಯಾಸ ತಂದಿತು. ಈಗ ಬೆರಳು ಎಣಿಸುವ ಹಂತದಲ್ಲಿದ್ದೇವೆ. ಅವನ ಕನ್ನಡ ಎಣಿಕೆ ಕೇಳಲೆಂದು ನನ್ನ ಹೆಂಡತಿಯೂ ಬಂದು ನಿಲ್ಲುತ್ತಾಳೆ. ಬಾಸ್ಟನ್ ಅವರ ಮಾತನ್ನೂ ಬಿಟ್ಟಿಲ್ಲ, ಶುಕ್ರವಾರ ಸಂಜೆ ಪಕ್ಕದ ಮನೆಯ ಇಬ್ಬರು ಮಕ್ಕಳು ಡ್ರೈವ್‌ವೇಗೆ ಬರುತ್ತಾರೆ.

ನಿನ್ನೆಯ ಆಟದಲ್ಲಿ ಮೂರನೆಯ ಅವಧಿ. ಎಡ ಗೋಡೆಯ ಪಕ್ಕ ಇವನು ನಿಂತಿದ್ದ. ಹಿಂದಿನಿಂದ ಬಂದ ಪಾಸ್ ಬ್ಯಾಕ್‌ಹ್ಯಾಂಡ್ ಬದಿಗೆ ಸ್ವಲ್ಪ ಹಿಂದೆಯೇ ಬಂತು. ಬ್ಲೇಡ್ ಹಿಂದಕ್ಕೆ ಸರಿದದ್ದು ನನಗೆ ಗಾಜಿನ ಈಚೆಯಿಂದಲೂ ಕಂಡಿತು. ಪಕ್ ನಿಂತಿತು. ತಲೆಯೆತ್ತಿ ನಡುವೆ ಬರುತ್ತಿದ್ದ ಹುಡುಗನನ್ನು ನೋಡಿ ಅವನ ಸ್ಟಿಕ್ಕಿಗೇ ಜಾರಿಸಿದ. ಆ ಹುಡುಗನ ಹೊಡೆತವನ್ನು ಗೋಲ್‌ಕೀಪರ್ ತಡೆದುಬಿಟ್ಟ. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತಾ, "ಇವತ್ತು ನನಗೆ ಆರು ಪಾಸ್ ಬಂತು" ಎಂದ. ಅವನು ಎಣಿಸುತ್ತಿದ್ದ ಎಂಬುದೇ ನನಗೆ ತಿಳಿದಿರಲಿಲ್ಲ.

ಈಗ ಒಂದು ತೊಂದರೆ. ಚಳಿ ಶುರುವಾದ ಮೇಲೆ ಹಗ್ಗ ಮೊದಲಿನಂತೆ ಎಳೆದುಕೊಳ್ಳುತ್ತಿಲ್ಲ, ಪಕ್ ಪೆಟ್ಟು ತಿಂದಂತೆ ಮರಳುತ್ತದೆ. ಹೊಸದು ಹಾಕಬೇಕೇ?

ವಾಟರ್‌ಲೂ ಮರಗೆಲಸ | ನವೆಂಬರ್ 24, ರಾತ್ರಿ 9:00

ಆರು ಪಾಸ್! ಅವನಿಗೆ ನನ್ನ ಶಹಬ್ಬಾಸ್ ತಿಳಿಸಿ.

ಹಗ್ಗ ಕೆಟ್ಟಿಲ್ಲ, ಚಳಿಗೆ ರಬ್ಬರ್ ಬಿರುಸಾಗಿದೆ. ಒಂದು ಬದಿಯ ಗಂಟನ್ನು ಕೊಕ್ಕೆಗೆ ಬದಲಾಯಿಸಿ, ರಾತ್ರಿ ಹಗ್ಗವನ್ನು ಬಿಚ್ಚಿ ಮನೆಯೊಳಗೆ ತನ್ನಿ, ಅಭ್ಯಾಸಕ್ಕೆ ಹತ್ತು ನಿಮಿಷ ಮೊದಲು ಕಟ್ಟಿ. ಕೊಕ್ಕೆಯ ಚೂಪು ತುದಿಗೆ ಟೇಪ್ ಸುತ್ತುವುದನ್ನು ಮರೆಯಬೇಡಿ. ಎಳೆ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಮಾತ್ರ ಹೊಸದು ಬೇಕು. ನನ್ನ ಬಳಿ ಎರಡು ಗಜ ಉಳಿದಿದೆ, ಮುಂದಿನ ವಾರ ನಿಮ್ಮ ಕಡೆ ಬರುವವನಿದ್ದೇನೆ, ತಂದುಕೊಡುತ್ತೇನೆ.